ಕ್ಯಾಮೆರಾದ ಹಿಂದೆ ನಿಂತವನು

“ಗುರುಗಳೇ, ಹನ್ನೆರಡು ವರ್ಷದಿಂದ ವೀಣೆ ಕಲಿಯುತ್ತಿದ್ದೇನೆ. ಕಲಿಸಲು ಕೂರುವುದಕ್ಕೆ ನನಗೆ ಯಾವಾಗ ಅಪ್ಪಣೆ?” ತನ್ನ ಪಾಠ ಮುಗಿಸಿ ಎದ್ದ ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಅಮೆರಿಕದಲ್ಲಿ ಒಬ್ಬ ನಟನಿದ್ದ. ಅವನಿಗೆ ಸಿನಿಮಾ ನಿರ್ದೇಶಿಸುವ ಆಸೆ. ಪ್ರತಿ ವರ್ಷವೂ ಸ್ಟುಡಿಯೋದ ಯಜಮಾನನನ್ನು ಕೇಳುತ್ತಿದ್ದ. “ನಿನಗೆ ಚೆಂದದ ಮುಖವಿದೆ, ಅದನ್ನೇ ದುಡಿಸು” ಎಂದು ಯಜಮಾನ ನಗುತ್ತಿದ್ದ.

ಅಲ್ಲಿ ಇಬ್ಬರ ಮಾತುಕತೆಯನ್ನು ಎರಡು ಸಲ ಚಿತ್ರಿಸುವುದು ವಾಡಿಕೆ. ಮೊದಲು ಒಬ್ಬರ ಮುಖ, ಆಮೇಲೆ ಇನ್ನೊಬ್ಬರದು. ತಮ್ಮ ಸರದಿ ಮುಗಿದೊಡನೆ ದೊಡ್ಡ ನಟರು ಕೋಣೆಗೆ ಹೋಗಿ ಮಲಗುತ್ತಿದ್ದರು. ಅವರ ಮಾತನ್ನು ಗುಮಾಸ್ತನೊಬ್ಬ ಹಾಳೆ ನೋಡಿ ಓದುತ್ತಿದ್ದ. ಎದುರಿನವರು ಆ ಓದಿಗೇ ಅಳಬೇಕು, ನಗಬೇಕು.

ಈ ನಟ ಮಾತ್ರ ಹೋಗುತ್ತಿರಲಿಲ್ಲ. ಕ್ಯಾಮೆರಾದ ಹಿಂದೆ ನಿಂತು ತನ್ನ ಮಾತನ್ನು ಮೊದಲಿನಷ್ಟೇ ಮನಸ್ಸಿಟ್ಟು ಆಡುತ್ತಿದ್ದ. ಒಮ್ಮೆ ಹೊಸ ನಟಿಯೊಬ್ಬಳಿಗೆ ಅಳು ಬರಲೇ ಇಲ್ಲ. ಅವನು ತನ್ನ ಮಾತನ್ನು ಹನ್ನೊಂದು ಸಲ ಆಡಿದ. ಹನ್ನೊಂದು ಸಲವೂ ಅವನ ಕಣ್ಣು ತುಂಬಿತು.

“ಕ್ಯಾಮೆರಾ ಆ ಕಡೆ ತಿರುಗಿದೆ ಮಾರಾಯ, ನಿನ್ನ ಕಣ್ಣೀರು ಯಾರಿಗೆ?” ಎಂದು ದೀಪದ ಕೆಲಸದವನು ಕಿಚಾಯಿಸಿದ.

“ಆ ಕಡೆ ನಿಂತವಳಿಗೆ.”

ಹದಿನೈದು ವರ್ಷ ಹೀಗೇ ನಡೆಯಿತು. ಒಂದು ಚಿತ್ರದ ನಡುವೆ ನಿರ್ದೇಶಕ ಜಗಳವಾಡಿ ಹೊರಟುಹೋದ. ಯಜಮಾನ ಮೂವರು ಹೆಸರಾಂತ ನಿರ್ದೇಶಕರನ್ನು ಸೂಚಿಸಿದ. ನಟರು ಯಾರನ್ನೂ ಒಪ್ಪದೆ ಈ ನಟನ ಹೆಸರು ಹೇಳಿದರು.

“ಅವನಿಗೆ ನಿರ್ದೇಶನದ ಗಂಧವೇ ಇಲ್ಲ” ಎಂದ ಯಜಮಾನ.

“ನಮ್ಮ ಸರದಿಯಲ್ಲಿ ಕ್ಯಾಮೆರಾದ ಹಿಂದೆ ನಿಂತವನು ಅವನೊಬ್ಬನೇ” ಎಂದಳು ವಯಸ್ಸಾದ ನಟಿಯೊಬ್ಬಳು. “ಈಗ ಅಲ್ಲೇ ನಿರ್ದೇಶಕನ ಕುರ್ಚಿ ಹಾಕಿಕೊಡಿ, ಸಾಕು.”

ಕುರ್ಚಿ ಬಂತು. ಚಿತ್ರ ಮುಗಿಯಿತು, ಜನ ಮೆಚ್ಚಿದರು. ಮುಂದೆ ಅವನು ಇಪ್ಪತ್ತು ಚಿತ್ರ ನಿರ್ದೇಶಿಸಿದ. ಆ ಕುರ್ಚಿಯಲ್ಲಿ ಕೂತದ್ದು ಮಾತ್ರ ಕಡಿಮೆ.

ಕತೆ ಕೇಳಿ ಶಿಷ್ಯನಿಗೆ ಸಮಾಧಾನವಾಯಿತು. ಕೈಚೀಲ ಹೆಗಲಿಗೇರಿಸಿ, “ಹಾಗಾದರೆ ನಾನೂ ಹದಿನೈದು ವರ್ಷ ಕಾಯುತ್ತೇನೆ” ಎಂದ.

ಗುರುಗಳು ನಕ್ಕು ಕೇಳಿದರು: “ದಿನಾ ನೀನು ಎದ್ದುಹೋದ ಮೇಲೆ ಈ ಚಾಪೆಯಲ್ಲಿ ಪಾಠಕ್ಕೆ ಕೂರುವವರ ಹೆಸರೇನು?”

ಶಿಷ್ಯನಿಗೆ ಹೆಸರು ಗೊತ್ತಿರಲಿಲ್ಲ.