ನಾಲ್ಕನೆಯ ಪ್ರಶ್ನೆ

"ಬುದ್ಧಿ, ಅವನು ದ್ರೋಹಿಯೋ, ಪುಣ್ಯಾತ್ಮನೋ?" ಎಂದು ಗುರುಮಲ್ಲ ಕೇಳಿದ.

ಗುರುಮಲ್ಲ ಮಠದ ಶಿಷ್ಯ. ಗುರುಗಳ ಕಣ್ಣು ಮಂಜಾದ ಮೇಲೆ ದಿನಾ ಬೆಳಿಗ್ಗೆ ಅವರಿಗೆ ಪತ್ರಿಕೆ ಓದಿ ಹೇಳುವುದು ಅವನ ಕೆಲಸ. ಹತ್ತು ದಿನದಿಂದ ಒಂದೇ ಸುದ್ದಿ. ಸರ್ಕಾರ ಜನರ ಫೋನ್ ಮಾತನ್ನೆಲ್ಲ ಕದ್ದು ಕೇಳುತ್ತಿದೆ ಎಂದು ಕಚೇರಿಯ ನೌಕರನೊಬ್ಬ ಹೊರಗೆ ಹೇಳಿ, ತಲೆಮರೆಸಿಕೊಂಡಿದ್ದ.

"ಒಂದು ಪತ್ರಿಕೆ ಅವನನ್ನು ಗಲ್ಲಿಗೆ ಹಾಕಿ ಅನ್ನುತ್ತದೆ. ಇನ್ನೊಂದು ಹಾರ ಹಾಕಿ ಅನ್ನುತ್ತದೆ. ಓದಿ ಓದಿ ನನಗೆ ತಲೆಯೇ ಕೆಟ್ಟುಹೋಗಿದೆ, ಬುದ್ಧಿ."

"ತಲೆ ಇದೆ ಅಂತಾದರೂ ಗೊತ್ತಾಯಿತಲ್ಲ, ಬಿಡು," ಎಂದರು ಗುರುಗಳು. "ಅದನ್ನು ಮಡಿಚಿಡು. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಕತೆ ಹೀಗಿತ್ತು.

ಒಂದು ಊರು. ಊರಿಗೊಬ್ಬ ದೊರೆ. ಆ ಊರಿನ ಜನ ಕಾಗದ ಬರೆದು, ಮಡಿಚಿ, ಅರಗಿನ ಮುದ್ರೆ ಒತ್ತಿ, ಅಂಚೆಯವನ ಕೈಗೆ ಕೊಟ್ಟು ನಿಶ್ಚಿಂತೆಯಾಗಿರುತ್ತಿದ್ದರು. ಕಾಗದ ಒಂದು ದಿನ ತಡವಾಗಿ ಮುಟ್ಟಿದರೆ ಅಂಚೆಯವನ ಕಾಲನ್ನು ಬೈಯುತ್ತಿದ್ದರು. ಪಾಪ, ಅವನ ಕಾಲು ಚೆನ್ನಾಗಿಯೇ ಇತ್ತು. ಅರಮನೆಯ ಹಿಂದೆ ಒಂದು ಕೋಣೆ. ಚೀಲ ಮೊದಲು ಅಲ್ಲಿಗೆ ಹೋಗುತ್ತಿತ್ತು. ಅಲ್ಲಿ ನಕಲುಗಾರರು ಕುಳಿತು, ಕಾಯಿಸಿದ ಚೂರಿಯಿಂದ ಅರಗನ್ನು ಎಬ್ಬಿಸಿ, ಕಾಗದ ಓದಿ, ಬೇಕಾದ ಸಾಲು ಬರೆದುಕೊಂಡು, ಮತ್ತೆ ಅಂಟಿಸಿ ಕಳಿಸುತ್ತಿದ್ದರು. ಊರಿಗೆ ಇದು ಗೊತ್ತಿರಲಿಲ್ಲ.

ಅದೇ ಊರಿನಲ್ಲಿ ದೇವೀರಮ್ಮ ಎಂಬ ನೇಯ್ಗೆಯವಳು. ಅವಳ ಗಂಡ ನಾಲ್ಕು ತಿಂಗಳಿಂದ ಸೆರೆಮನೆಯಲ್ಲಿದ್ದ. ಏಕೆ ಎಂದು ಯಾರೂ ಹೇಳಲಿಲ್ಲ. ದಿನಾ ಮಧ್ಯಾಹ್ನ ಬುತ್ತಿ ಹಿಡಿದು ಹೋಗುವಳು. ಬುತ್ತಿ ಒಳಗೆ ಹೋಗುವುದು, ಅವಳು ಹೊರಗೇ ನಿಲ್ಲುವಳು. ಆದದ್ದು ಇಷ್ಟೆ. ಅವನು ಭಾವಮೈದುನನಿಗೆ ಬರೆದ ಕಾಗದದಲ್ಲಿ, ನಮ್ಮ ದೊರೆಗೆ ತಲೆಗಿಂತ ಪೇಟವೇ ಭಾರ ಎಂದು ತಮಾಷೆಗೆ ಒಂದು ಸಾಲು ಬರೆದಿದ್ದ. ನಗಬೇಡ. ಅವನೂ ನಕ್ಕೇ ಬರೆದಿದ್ದ.

ದೊರೆಯ ಮುತ್ತಜ್ಜ ಒಂದು ಕಟ್ಟಳೆ ಮಾಡಿ ಹೋಗಿದ್ದ. ಮುದ್ರೆ ಒತ್ತಿದ ಕಾಗದವನ್ನು ಒಡೆದು ಯಾರನ್ನಾದರೂ ಹಿಡಿದಿದ್ದರೆ, ಅರಮನೆ ಅದನ್ನು ಒಪ್ಪಿಕೊಂಡ ದಿನವೇ ಅವನನ್ನು ಬಿಡಬೇಕು. ಒಪ್ಪಿಸುವುದಕ್ಕೂ ಒಂದು ದಾರಿ ಇತ್ತು. ಡಂಗುರದವನು ಸುದ್ದಿ ಸಾರಿದ ಮೇಲೆ, ನೆರೆದ ಜನ ಮೂರು ಪ್ರಶ್ನೆ ಕೇಳಬಹುದು. ದಿನಕ್ಕೆ ಮೂರೇ. ಡಂಗುರದವನು ಅವನ್ನು ಅರಮನೆಗೆ ಒಯ್ಯುತ್ತಾನೆ. ಅರಮನೆ ನಿಜವನ್ನೇ ಹೇಳಬೇಕು. ಡಂಗುರದ ಪ್ರಶ್ನೆಗೆ ಸುಳ್ಳು ಹೇಳಿದರೆ ದೊರೆ ಗದ್ದುಗೆ ಇಳಿಯಬೇಕು. ಇನ್ನೇನು ಬೇಕು ಹೇಳು ಒಂದು ಊರಿಗೆ?

ಆ ತಮಾಷೆಯ ಸಾಲನ್ನು ನಕಲು ಮಾಡಿದ ಒಬ್ಬ ನಕಲುಗಾರ ದಿನಾ ಸೆರೆಮನೆಯ ಮುಂದೆಯೇ ಮನೆಗೆ ಹೋಗಬೇಕಾಗಿತ್ತು. ಬಾಗಿಲಲ್ಲಿ ದೇವೀರಮ್ಮ ನಿಂತಿರುತ್ತಿದ್ದಳು. ಅವನಿಗೆ ಅನ್ನ ಇಳಿಯದಾಯಿತು. ಒಂದು ಮಧ್ಯಾಹ್ನ ಅವನು ನೇರವಾಗಿ ಸಂತೆಗೆ ಹೋಗಿ, ಊರಿನ ಇಬ್ಬರು ಡಂಗುರದವರನ್ನೂ ಕರೆದು ಹೇಳಿದ: "ನಿಮ್ಮೆಲ್ಲರ ಕಾಗದವನ್ನೂ ನಾವು ಒಡೆದು ಓದುತ್ತೇವೆ. ಆರು ವರ್ಷದಿಂದ ನಾನೇ ಓದಿದ್ದೇನೆ. ಆ ನೇಯ್ಗೆಯವನು ಒಳಗಿರುವುದೂ ಅದರಿಂದಲೇ. ನಾನು ಹೇಳಿದರೆ ಸಾಲದು. ಅರಮನೆಯನ್ನು ಕೇಳಿ."

ಹೇಳಿದವನೇ ದೋಣಿ ಹತ್ತಿ ಹೊಳೆ ದಾಟಿಬಿಟ್ಟ.

ಮೂಡಲ ಬೀದಿಯ ಡಂಗುರದವನು ಸುದ್ದಿ ಸಾರಿದ. ಪಡುವಲ ಬೀದಿಯವನೂ ಸಾರಿದ. ಒಬ್ಬೊಬ್ಬರೂ ತಾವು ಬರೆದದ್ದನ್ನು ನೆನೆಸಿಕೊಂಡರು. ಒಬ್ಬ ಹುಡುಗಿ ಅಯ್ಯಯ್ಯೋ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಪ್ರಶ್ನೆ ಕೇಳಿ," ಎಂದ ಮೂಡಲ ಬೀದಿಯವನು.

"ಆ ನಕಲುಗಾರ ಯಾರ ಮಗ?" ಎಂದ ಒಬ್ಬ.

"ಯಾರ ದೋಣಿಯಲ್ಲಿ ಹೋದ?" ಎಂದ ಇನ್ನೊಬ್ಬ.

"ಹೆಂಡತಿಯನ್ನು ಕರೆದುಕೊಂಡು ಹೋದನೋ, ಬಿಟ್ಟು ಹೋದನೋ?" ಎಂದಳು ಒಬ್ಬಳು.

ಮೂರು ಮುಗಿಯಿತು. ದೇವೀರಮ್ಮ ಕೈ ಎತ್ತಿದಾಗ ಅವಳದು ನಾಲ್ಕನೆಯದು. "ನಾಳೆ ಕೇಳಮ್ಮಾ," ಎಂದ ಡಂಗುರದವನು.

ಅರಮನೆಯಲ್ಲಿ ಮಂತ್ರಿ ಡಂಗುರದವನ ದಾರಿ ಕಾಯುತ್ತ ಕುಳಿತಿದ್ದ. ಕಾಗದ ಒಡೆದಿರಾ ಎಂದು ಕೇಳಿದರೆ ಹೌದು ಎನ್ನಲೇಬೇಕು. ಹೌದು ಎಂದರೆ ಅರ್ಧ ಸೆರೆಮನೆ ಖಾಲಿ. ಡಂಗುರದವನು ಬಂದು ಮೂರು ಪ್ರಶ್ನೆ ಒಪ್ಪಿಸಿದ. ಮಂತ್ರಿ ಇನ್ನೊಮ್ಮೆ ಹೇಳು ಎಂದ. ಇನ್ನೊಮ್ಮೆ ಹೇಳಿದ. ಮಂತ್ರಿ ಎದ್ದು ಬಂದು, ಅವನನ್ನು ಕೂರಿಸಿ, ಮಜ್ಜಿಗೆ ತರಿಸಿ ಕೊಟ್ಟ. "ಕೇಳು ಮಾರಾಯ, ಏನು ಬೇಕಾದರೂ ಕೇಳು. ನಮ್ಮಲ್ಲಿ ಮುಚ್ಚುಮರೆ ಇಲ್ಲ," ಎಂದ. ನಕಲುಗಾರನ ಅಪ್ಪನ ಹೆಸರು, ದೋಣಿಯವನ ಹೆಸರು, ಹೆಂಡತಿ ತವರಿನಲ್ಲಿರುವ ಸಂಗತಿ, ಎಲ್ಲ ನಿಜವನ್ನೇ ಹೇಳಿ ಕಳಿಸಿದ.

ಮರುದಿನ ಮೂಡಲ ಬೀದಿಯಲ್ಲಿ, ಹೆಂಡತಿಯನ್ನು ನಡುನೀರಿನಲ್ಲಿ ಕೈಬಿಟ್ಟ ದ್ರೋಹಿ ಎಂದು ಸಾರಿದರು. ಪಡುವಲ ಬೀದಿಯಲ್ಲಿ, ನಮಗಾಗಿ ಹೆಂಡತಿಯನ್ನೂ ತೊರೆದ ಪುಣ್ಯಾತ್ಮ ಎಂದು ಸಾರಿದರು. ಎರಡು ಕಡೆಯೂ ಜನ ಕಿಕ್ಕಿರಿದರು. ಆಚೆ ದಡದಲ್ಲಿ ಯಾವ ದೊರೆಯ ಅನ್ನ ತಿನ್ನುತ್ತಿದ್ದಾನೆ? ಹೋಗುವಾಗ ಅರಮನೆಯ ಲೇಖನಿ ಒಯ್ದನೇ? ಚಿಕ್ಕವನಿದ್ದಾಗ ಸುಳ್ಳು ಹೇಳುತ್ತಿದ್ದನೇ? ಬಾವಿಕಟ್ಟೆಯಲ್ಲಿ ಜಗಳ. ಅಣ್ಣ ತಮ್ಮಂದಿರಲ್ಲಿ ಮಾತು ನಿಂತಿತು. ಬೆಳಿಗ್ಗೆ ದ್ರೋಹಿ ಎಂದವನೇ ಸಂಜೆ ಪುಣ್ಯಾತ್ಮ ಎನ್ನುವನು. ಯಾವುದು ಸರಿ ಎಂದು ಒಬ್ಬರಿಗೂ ಬಗೆಹರಿಯಲಿಲ್ಲ. ನಿನಗೆ ಕೆಟ್ಟ ಹಾಗೆಯೇ ಇಡೀ ಊರಿಗೆ ತಲೆ ಕೆಟ್ಟಿತು.

ದೇವೀರಮ್ಮ ಏಳು ದಿನ ಹೋದಳು. ಏಳು ದಿನವೂ ನಾಲ್ಕನೆಯವಳಾದಳು. ಎಂಟನೆಯ ದಿನ ಮಗ್ಗ ಬಿಟ್ಟು ಬೆಳಿಗ್ಗೆಯೇ ಹೋಗಿ ಎಲ್ಲರಿಗಿಂತ ಮುಂದೆ ಕುಳಿತಳು. ಡಂಗುರ ನಿಂತ ಕೂಡಲೇ ಎದ್ದು ಕೂಗಿದಳು: "ನನ್ನ ಗಂಡನ ಕಾಗದ ಒಡೆದಿರೋ ಇಲ್ಲವೋ, ಅದನ್ನು ಕೇಳಿಕೊಂಡು ಬಾರಪ್ಪಾ!"

"ತಡಿಯಮ್ಮ," ಎಂದರು ಜನ. "ನೀನು ಯಾರ ಕಡೆ? ಅವನು ದ್ರೋಹಿಯೋ ಅಲ್ಲವೋ, ಮೊದಲು ಅದನ್ನು ಹೇಳು."

"ನನಗೇನು ಗೊತ್ತು? ನಾನು ಅವನ ಮುಖವನ್ನೇ ನೋಡಿಲ್ಲ. ನನ್ನ ಗಂಡ ಒಳಗಿದ್ದಾನೆ, ನನಗೆ ಅದೊಂದೇ ಗೊತ್ತು."

ಅರ್ಧ ಜನ ಇವಳೂ ದ್ರೋಹಿಯ ಕಡೆಯವಳು ಎಂದರು. ಇನ್ನರ್ಧ ಜನ ಉಪಕಾರ ಸ್ಮರಣೆ ಇಲ್ಲದವಳು ಎಂದರು. ಡಂಗುರದವನು ಕೆಟ್ಟವನಲ್ಲ. ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: "ಬೇಜಾರು ಮಾಡಿಕೋಬೇಡ ತಾಯಿ. ನಿನ್ನದು ಮೊದಲನೇ ದಿನದ ಸುದ್ದಿ. ಹಳೆಯದಾಯಿತು. ಅದನ್ನು ಸಾರಿದರೆ ನನ್ನ ಬೀದಿಯವರೆಲ್ಲ ಪಡುವಲ ಬೀದಿಗೆ ಹೋಗುತ್ತಾರೆ." ಆ ದಿನ ಅವನು ಅರಮನೆಗೆ ಒಯ್ದ ಮೊದಲ ಪ್ರಶ್ನೆ, ನಕಲುಗಾರ ಆಚೆ ದಡದಲ್ಲಿ ಗಡ್ಡ ಬಿಟ್ಟಿರುವುದು ನಿಜವೇ ಎನ್ನುವುದು.

ದೇವೀರಮ್ಮ ಮನೆಗೆ ಬಂದು ತಮ್ಮನಿಗೆ ಕಾಗದ ಬರೆಸಿದಳು. ಅರಗು ಕಾಯಿಸಲು ಹೋದವಳು ಸುಮ್ಮನಾದಳು. ಬಿಚ್ಚಿದ ಕಾಗದವನ್ನೇ ಅಂಚೆಯವನಿಗೆ ಕೊಟ್ಟು, "ಹೇಗೂ ಓದುತ್ತಾರಲ್ಲ, ಅವರಿಗಾದರೂ ಯಾಕೆ ಕಷ್ಟ," ಎಂದಳು. ಹೇಳುತ್ತಾ ಅತ್ತಳು. ಅಕ್ಕಪಕ್ಕದವರು ಅದನ್ನು ನೋಡಿದರು. ಕ್ರಮೇಣ ಅವರೂ ಮುದ್ರೆ ಒತ್ತುವುದನ್ನು ಬಿಟ್ಟರು. ಬಯಲಾದ ಗುಟ್ಟಿಗೆ ಜನ ಹೀಗೆ ಹೊಂದಿಕೊಂಡುಬಿಟ್ಟರು. ಅರಮನೆಯ ಹಿಂದಿನ ಕೋಣೆಯಲ್ಲಿ ಕೆಲಸ ಹಗುರವಾಗಿ, ನಕಲುಗಾರರು ಹೊತ್ತಿಗೆ ಮುಂಚೆಯೇ ಮನೆಗೆ ಹೋಗತೊಡಗಿದರು. ಬೀದಿಯಲ್ಲಿ ಮಾತ್ರ ಎರಡೂ ಡಂಗುರ ಬಾರಿಸುತ್ತಲೇ ಇದ್ದವು. ದ್ರೋಹಿ. ಪುಣ್ಯಾತ್ಮ. ದ್ರೋಹಿ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಗುರುಮಲ್ಲ ಕಾದ. ಅವರು ಮುಂದೆ ಹೇಳುವಂತೆ ಕಾಣಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಆಮೇಲೆ ಆ ನಕಲುಗಾರ ಏನಾದ, ಬುದ್ಧಿ? ಸಿಕ್ಕಿಬಿದ್ದನೇ?"

ಗುರುಗಳು ಅವನ ಕಡೆ ತಿರುಗಿದರು.

"ದೇವೀರಮ್ಮನ ಗಂಡ ಹೊರಗೆ ಬಂದನೇ ಎಂದು ನೀನೂ ಕೇಳಲಿಲ್ಲವಲ್ಲೋ."