ರಾಣಿಯ ತೋಟದ ಖಾಲಿ ಪಾತಿ

ಒಂದಾನೊಂದು ಕಾಲದಲ್ಲಿ, ಬೀಗರ ಊಟದಲ್ಲಿ ತುಪ್ಪ ಕಡಿಮೆಯಾದರೆ ರಾಜ್ಯ ರಾಜ್ಯಗಳೇ ಮಾತು ಬಿಡುತ್ತಿದ್ದ ಕಾಲದಲ್ಲಿ, ಗುಂಡುಗಲ್ಲಿನ ದುರ್ಗ ಅಂತ ಒಂದು ಕೋಟೆ, ಅದಕ್ಕೆ ಕೆಂಚರಾಯ ಅಂತ ಒಬ್ಬ ದೊರೆ ಇದ್ದನಂತೆ. ಅವನ ಮದುವೇಲೂ ಹಾಗೇ ಆಯಿತಂತೆ. ಹೊಳೆಯಾಚೆ ಮಾವನ ಮನೇಲಿ ಹೋಳಿಗೆ ಬಡಿಸಿದರು, ತುಪ್ಪದ ಗಿಂಡಿ ದೊರೆಯ ಎಲೆ ಹತ್ತಿರ ಬರೋ ಹೊತ್ತಿಗೆ ಬರಿದಾಗಿತ್ತು. ದೊರೆ ಒಣ ಹೋಳಿಗೆ ತಿಂದು, ಕೈ ತೊಳೆದು, ಹೆಂಡತಿ ಹೊನ್ನಾಂಬೆಯನ್ನ ಕರೆದುಕೊಂಡು ಬಂದ, ಆಮೇಲೆ ಅವಳನ್ನ ತವರಿಗೆ ಕಳಿಸಲೇ ಇಲ್ಲವಂತೆ. ದೊಡ್ಡವರು ಮನಸ್ಸಿಗೆ ಹಚ್ಚಿಕೊಳ್ಳೋದು ಇಂಥ ದೊಡ್ಡ ವಿಷಯಾನೇ, ಮಗಾ.

ಹೊನ್ನಾಂಬೆ ದಿನಾ ಸಂಜೆ ಕೋಟೆ ಮೇಲೆ ನಿಂತು ಹೊಳೆ ಕಡೆ ನೋಡುತ್ತಿದ್ದಳಂತೆ. ಯಾರಾದರೂ ಕೇಳಿದರೆ, ಗಾಳಿಗೆ ಬಂದೆ ಅನ್ನೋಳು. ಆ ದುರ್ಗದಲ್ಲಿ ಬಂಡೆ ಬಿಟ್ಟರೆ ಇದ್ದದ್ದು ಗಾಳಿ ಒಂದೇ, ಹಾಗಾಗಿ ಎಲ್ಲರೂ ನಂಬಿದರು. ದೊರೆ ನಂಬಲಿಲ್ಲ. ಅವನಿಗೆ ಹೆಂಡತಿ ಮೇಲೆ ಪ್ರೀತಿಯೂ ಇತ್ತು, ತುಪ್ಪದ ಸಿಟ್ಟೂ ಇತ್ತು. ಎರಡನ್ನೂ ಬಿಡದ ಹಾಗೆ ಒಂದು ಉಪಾಯ ಹುಡುಕಿದನಂತೆ. ನಿನಗೇ ಅಂತ ಒಂದು ತೋಟ ಮಾಡಿಸ್ತೀನಿ, ಹೇಗಿರಬೇಕೋ ನೀನೇ ಹೇಳು ಅಂದ.

ಆಮೇಲೆ ಅವಳು ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಪುಡಿ ಹಿಡಿದು ಕೂತು, ತೋಟವನ್ನೇ ಬರೆದಳಂತೆ. ಬಚ್ಚಲ ನೀರು ಇಲ್ಲಿಗೆ ಹರಿದು ಬರಲಿ, ಇಲ್ಲಿ ಬಾಳೆ. ಇಲ್ಲಿ ಬಾವಿ, ಪಕ್ಕದಲ್ಲಿ ಬಟ್ಟೆ ಒಗೆಯೋ ಕಲ್ಲು. ಆ ಕಡೆ ಕನಕಾಂಬರ, ಈ ಕಡೆ ಕರಿಬೇವು, ಅಡುಗೆಮನೆ ಕಿಟಕಿಯಿಂದ ಕೈ ಚಾಚಿದರೆ ಸಿಗಬೇಕು. ಅರಮನೆ ಶಿಲ್ಪಿ ಬಗ್ಗಿ ನೋಡಿ, ಕಾರಂಜಿ ಎಲ್ಲಿ ತಾಯಿ, ಆನೆ ತಿರುಗೋವಷ್ಟು ದಾರಿ ಎಲ್ಲಿ ಅಂತ ಕೇಳಿದನಂತೆ. ಆನೆ ಕರಿಬೇವು ಕೀಳೋಕೆ ಬರೋದಿಲ್ಲಪ್ಪ ಅಂದಳು. ಕೊನೆಗೆ ನಡುಮಧ್ಯೆ ಒಂದು ಸುತ್ತು ಎಳೆದು ಕೈ ಒರೆಸಿಕೊಂಡಳಂತೆ. ಇದೇನು ಅಂದ ದೊರೆ. ಇದು ಪಾತಿ, ಇಲ್ಲಿಗೆ ನಮ್ಮಮ್ಮನ ಹಿತ್ತಲಿನ ದುಂಡುಮಲ್ಲಿಗೆ ಬರಬೇಕು ಅಂದಳು. ಯಾಕೆ, ನಮ್ಮ ರಾಜ್ಯದಲ್ಲಿ ಮಲ್ಲಿಗೆ ಇಲ್ಲವಾ ಅಂದ. ಇದೆ ಅಂದಳಂತೆ. ಅಷ್ಟೇ.

ಆಮೇಲೆ ಬಂಡೆ ಒಡೆದು, ಮಣ್ಣು ಹೊತ್ತು, ಬರೆದ ಹಾಗೇ ತೋಟ ಎಬ್ಬಿಸಿದರಂತೆ. ಬಾಳೆ ಗೊನೆ ಹಾಕಿತು, ಕನಕಾಂಬರ ಬಿಟ್ಟಿತು. ಮಲ್ಲಿಗೆಗೆ ದೊರೆ ಆಳು ಕಳಿಸಿ, ಕಡ್ಡಿ ಕೇಳಿ ತರಿಸಿದ. ಮಾತು ಬಿಟ್ಟಿದ್ದು ದೊರೆ ತಾನೆ, ಆಳಲ್ಲವಲ್ಲ. ನೆಟ್ಟರು, ನೀರು ಹಾಕಿದರು, ಒಣಗಿಹೋಯಿತು. ಆಗ ದೊರೆಯ ತಾಯಿ ಎಲೆ ಅಡಿಕೆ ಮೆಲ್ಲುತ್ತಾ, ಕೇಳಿ ತಂದ ಗಿಡ ಎಲ್ಲಾದರೂ ಹತ್ತುತ್ತೇನೋ, ಕದ್ದು ತರಬೇಕು ಅಂದಳಂತೆ. ಊರಲ್ಲಿ ಯಾರನ್ನ ಬೇಕಾದರೂ ಕೇಳು, ಕದ್ದು ತಂದ ಗಿಡ ಬಂದ ಹಾಗೆ ಇನ್ನೊಂದು ಬರೋದಿಲ್ಲ.

ಆಮೇಲೆ ದೊರೆ ತಾನೇ ಹೊರಟ. ರಾಜ್ಯವೆಲ್ಲ ಅವನದೇ ಅಲ್ಲವಾ, ಕದ್ದು ಅಭ್ಯಾಸ ಇಲ್ಲ ಪಾಪ. ಮಧ್ಯಾಹ್ನ ಎಲ್ಲ ಮಲಗಿದಾಗ ಮಾವನ ಹಿತ್ತಲಿಗೆ ನುಗ್ಗಿ ಕಡ್ಡಿಗೆ ಕೈ ಹಾಕಿದ್ದೇ ತಡ, ಅತ್ತೆ ಕಂಡುಬಿಟ್ಟಳಂತೆ. ಅಳಿಯಂದಿರು ಹಿತ್ತಲಿಂದ ಬರೋದುಂಟಾ ಅಂತ ಒಳಗೆ ಕರೆದು, ಕಾಲಿಗೆ ನೀರು ಕೊಟ್ಟು, ಹೋಳಿಗೆ ಮಾಡಿ, ಗಿಂಡಿ ತುಪ್ಪವನ್ನ ಪೂರಾ ಅವನ ಎಲೆಗೇ ಸುರಿದಳು. ಸಿಟ್ಟು ಅದರಲ್ಲೇ ಮುಳುಗಿಹೋಯಿತಂತೆ. ಹೊರಡುವಾಗ ಕಡ್ಡಿಯನ್ನ ಬಾಳೆಲೇಲಿ ಸುತ್ತಿ, ಎಲೆ ಅಡಿಕೆ ಸಮೇತ ಮರ್ಯಾದೆಯಾಗಿ ಕೊಟ್ಟಳು. ಅಲ್ಲಿಗೆ ಕಳ್ಳತನ ಕೆಟ್ಟಿತು. ಆ ಕಡ್ಡೀನೂ ಒಣಗಿತು.

ಆಮೇಲೆ ಹೊನ್ನಾಂಬೆ, ನಾನೇ ಹೋಗಿ ಕದ್ದು ತರ್ತೀನಿ ಅಂದಳಂತೆ. ಸಿಟ್ಟು ಹೋಗಿತ್ತಲ್ಲ, ದೊರೆ ಪಲ್ಲಕ್ಕಿ ತರಿಸಿದ. ಹತ್ತುವಾಗ ಅವಳ ಅತ್ತೆ, ಅದೇ ದೊರೆಯ ತಾಯಿ, ಹತ್ತಿರ ಬಂದು ಮೆಲ್ಲಗೆ ಅಂದಳಂತೆ.

“ಯೋಚನೆ ಮಾಡು ಕಣೆ ಹೊನ್ನಿ. ಮನೆ ಮಗಳು ಕಿತ್ತರೆ ಕಳ್ಳತನ ಆಗೋದಿಲ್ಲ. ಆ ಕಡ್ಡಿ ಚಿಗುರಿತೋ, ಆ ಮನೆಗೆ ನೀನು ಹೊರಗಿನವಳು ಅಂತಲೇ ಅರ್ಥ.”

ದಾರಿಯುದ್ದಕ್ಕೂ ಹೊನ್ನಾಂಬೆ ಆ ಮಾತನ್ನೇ ಮೆಲುಕು ಹಾಕಿದಳಂತೆ. ತವರಿನ ಹಿತ್ತಲ ಬಾಗಿಲು ತಳ್ಳಿದರೆ ಅವಳಮ್ಮ ಅಲ್ಲೇ ಪಾತ್ರೆ ಬೆಳಗುತ್ತಾ ಕೂತಿದ್ದಾಳೆ. ಅಮ್ಮ ನೋಡಿದಳು. ಎಷ್ಟೋ ವರ್ಷದ ಮೇಲೆ ಬಂದ ಮಗಳು ಮಲ್ಲಿಗೆ ಬುಡದಲ್ಲಿ ನಿಂತದ್ದೂ ಗೊತ್ತಾಯಿತು, ಯಾಕೆ ಅನ್ನೋದೂ ಗೊತ್ತಾಯಿತು. ಆ ಕಡೆ ತಿರುಗಿ ಕೂತು, ಬೆಳಗಿದ ಚೊಂಬನ್ನೇ ಮತ್ತೆ ಬೆಳಗಿದಳಂತೆ. ಹೊನ್ನಾಂಬೆ ಕಡ್ಡಿ ಮುರಿದು ಸೆರಗಿನಲ್ಲಿ ಕಟ್ಟಿಕೊಂಡು, ಸುತ್ತು ಹಾಕಿ ಮುಂಬಾಗಿಲಿಗೆ ಬಂದು, ಅಮ್ಮಾ ಅಂತ ಕರೆದಳಂತೆ. ಆಮೇಲೆ ಎಣ್ಣೆ ಹಚ್ಚಿಸಿಕೊಂಡಳು, ನೀರು ಹಾಕಿಸಿಕೊಂಡಳು, ಅಮ್ಮನ ಪಕ್ಕ ಮಲಗಿದಳು.

ವಾಪಸು ಬಂದು ಕಡ್ಡಿ ನೆಟ್ಟಳು. ದೊರೆ ಚಿಗುರಲಿ ಅಂತ ಊರ ದೇವರಿಗೆಲ್ಲ ಹರಕೆ ಹೊತ್ತನಂತೆ. ಅವಳು ಏನು ಬೇಡಿಕೊಂಡಳೋ, ಯಾರಿಗೂ ಹೇಳಲಿಲ್ಲ. ದಿನಾ ಎದ್ದ ಕೂಡಲೇ ಹೋಗಿ, ಉಗುರಲ್ಲಿ ತೊಗಟೆ ಗೀರಿ ನೋಡೋಳು. ಹಸಿರು ಕಂಡರೆ ಆವತ್ತು ಊಟ ಸೇರ್ತಿರಲಿಲ್ಲವಂತೆ.

ಆಮೇಲೆ ಒಂದು ಬೆಳಗ್ಗೆ ದೊರೆ ಹೋಗಿ ನೋಡುತ್ತಾನೆ, ಕಡ್ಡಿ ಬುಡದ ತನಕ ಸೌದೆಯಾಗಿದೆ. ಹೆಂಡತಿಗೆ ಹೇಗೆ ಹೇಳಲಿ ಅಂತ ತಲೆ ತಗ್ಗಿಸಿ ನಿಂತ. ಹೊನ್ನಾಂಬೆ ಬಂದಳು, ಗೀರಿದಳು.

“ಒಣಗಿದೆ,” ಅಂದಳಂತೆ. “ನೋಡಿ, ಪೂರ್ತಿ ಒಣಗಿದೆ.”

ಹಾಗಂದು ನಕ್ಕಳಂತೆ. ದುರ್ಗಕ್ಕೆ ಕಾಲಿಟ್ಟ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ದೊರೆಗೆ ಏನೂ ಅರ್ಥವಾಗಲಿಲ್ಲ, ದೊರೆಗಳಿಗೆ ಆಗಲೇಬೇಕು ಅಂತೇನಿಲ್ಲ. ಮುಂದಿನ ವರ್ಷ ಇನ್ನೊಂದು ಸಲ ಹೋಗಿ ಕದ್ದು ನೋಡು ಅಂತ ಅವನೇ ಸಮಾಧಾನ ಮಾಡಿದನಂತೆ. ಹೋದಳು. ಅದರ ಮುಂದಿನ ವರ್ಷವೂ ಹೋದಳು. ಹೋದಾಗಲೆಲ್ಲ ತಿಂಗಳುಗಟ್ಟಲೆ ಇದ್ದು ಬರೋಳು, ಕದಿಯೋದಕ್ಕೆ ಹೊತ್ತು ಹಿಡಿಯುತ್ತಲ್ಲ.

ಏನು? ಕಡ್ಡಿಗೆ ಅವಳು ನೀರು ಹಾಕ್ತಿದ್ದಳಾ ಅಂತಲಾ? ಆ ಪಾತಿಗೆ ತಾನೇ ನೀರು ಹಾಕ್ತೀನಿ, ಬೇರೆ ಯಾರೂ ಹಾಕಬೇಡಿ ಅಂದಿದ್ದಳಂತೆ. ಹಾಕಿದ್ದನ್ನ ಕಂಡವರು ಯಾರೂ ಇಲ್ಲ. ಇನ್ನು ಮಲಕ್ಕೊ ಮಗಾ, ತೋಟ ಅವರದು, ನಿದ್ದೆ ನಿನ್ನದು, ಕತೆ ಮುಗೀತು.