ದೇಸಾಯರ ಹಿತ್ತಾಳೆ ಚಕ್ರ

ವಾಡೆಯ ದೇಸಾಯರಿಗೆ ನಿದ್ದೆ ಬರುತ್ತಿರಲಿಲ್ಲ. ಆ ಸಿಟ್ಟನ್ನೆಲ್ಲ ಮನೆಯಾಳುಗಳ ಮೇಲೆ ತೀರಿಸುತ್ತಿದ್ದರು. ಒಮ್ಮೆ ಅಟ್ಟದಲ್ಲಿ ಹಿಡಿಕೆಯಿದ್ದ ಹಿತ್ತಾಳೆಯ ಚಕ್ರವೊಂದು ಸಿಕ್ಕಿತು. ಅದೇನೆಂದು ಯಾರಿಗೂ ತಿಳಿಯಲಿಲ್ಲ. ಕಸ ಗುಡಿಸುತ್ತಿದ್ದ ಕಲ್ಲವ್ವನನ್ನು ಕರೆದರು.

"ಇದು ಯಾತಕ್ಕ ಬರ್ತೈತಿ, ಹೊತ್ತು ಮುಳುಗೂದರಾಗ ಹೇಳು. ಇಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

ಕಲ್ಲವ್ವನಿಗೂ ಗೊತ್ತಿರಲಿಲ್ಲ. ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿದಳು. ದೂರದ ಜೇನುಗೂಡಿನಂಥ ಗುಂಯ್‌ಗುಟ್ಟುವ ಸದ್ದು ಹೊರಟಿತು. ಅವಳಿಗೆ ಆಕಳಿಕೆ ಬಂತು. ಆಕಳಿಸುತ್ತಲೇ ಒಂದು ಉಪಾಯ ಹೊಳೆಯಿತು.

"ಧಣ್ಯಾರ, ಇದು ಮಾಲಕರ ಕೈಗಷ್ಟ ಗುಟ್ಟು ಹೇಳತೈತಿ. ಮಂಚದ ಮ್ಯಾಲೆ ಒರಗಿ, ಕಣ್ಣು ಮುಚ್ಚಿ, ಮೆಲ್ಲಕ ತಿರುವ್ರಿ."

ದೇಸಾಯರು ತಿರುವಿದರು. ಸದ್ದು ಕೋಣೆಯೆಲ್ಲ ತುಂಬಿತು. ಕಿಟಕಿಯ ಬಿಸಿಲು ನೀರಿನಂತೆ ಅಲೆಯಾಡಿತು. ಅವರ ಗಂಟುಮುಖ ಕೂಸಿನ ಮುಖದಂತೆ ಸಡಿಲಾಯಿತು. "ದೋಣಿ ಬಂತು... ಹತ್ರಿ, ಹತ್ರಿ..." ಎಂದು ಕನಸಿನಲ್ಲಿ ತೊದಲಿದರು. ಕೈ ಜಾರಿತು. ಗೊರಕೆ ಶುರುವಾಯಿತು.

ದೀಪ ಹಚ್ಚುವ ಹೊತ್ತಿಗೆ ಎಚ್ಚರಾದರು.

"ಕಲ್ಲವ್ವಾ, ಇದು ಏನೂ ಹೇಳಲೇ ಇಲ್ಲಲ್ಲ!"

"ನಿದ್ದಿ ಬಂತಿಲ್ರಿ?"

"ಬಂತು..."

"ಅದಕ್ಕ ಬರ್ತೈತ್ರಿ ಇದು."

ದೇಸಾಯರು ನಕ್ಕುಬಿಟ್ಟರು. "ಹಂಗಾರ ನಾಳಿಂದ ನೀನ ತಿರುವು."

"ನಾ ತಿರುವಿದ್ರ ನಿದ್ದಿ ನನಗ ಬರ್ತೈತ್ರಿ, ಧಣ್ಯಾರ."

ದೇಸಾಯರು ಮತ್ತೆ ಒರಗಿ ಹಿಡಿಕೆಗೆ ಕೈ ಹಾಕಿದರು.

"ಬಾಗಲಾ ಮೆಲ್ಲಕ ಮುಂದ ಮಾಡಿ ಹೋಗು," ಎಂದರು. "ನಾಳೆ ಬರೂದು ಮರೀಬ್ಯಾಡ."